ಕಾಲೇಜು ಫುಟ್‌ಬಾಲ್ ತಂಡದ ಸಹಾಯಕ ತರಬೇತುದಾರನಿಗೆ ಮುಂದಿನ ದಾರಿ ಯಾವುದು?

ಪ್ರಶ್ನೆ – ಸಹಾಯಕ ತರಬೇತುದಾರ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನನಗೀಗ 25 ವರ್ಷ. ಪದವಿಯ ದಿನಗಳಲ್ಲಿ ಕಾಲೇಜು ತಂಡದಲ್ಲಿ ಆಡಿದೆ, ಕೊನೆಯ ವರ್ಷ ವಿಶ್ವವಿದ್ಯಾಲಯದ ತಂಡದೊಂದಿಗೆ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೂ ಹೋಗಿಬಂದೆ. ಬಿ.ಪಿ.ಇಡಿ. (ದೈಹಿಕ ಶಿಕ್ಷಣದ ಪದವಿ) ಮುಗಿಸಿದ ಮೇಲೆ, ನಾನು ಆಡಿದ ಕಾಲೇಜಿನ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕ) ಸರ್ ಕರೆದರೆಂದು, ಎರಡು ವರ್ಷಗಳಿಂದ ಅಲ್ಲಿಯ ಫುಟ್‌ಬಾಲ್ ತಂಡಕ್ಕೆ ಸಹಾಯಕ ತರಬೇತುದಾರನಾಗಿದ್ದೇನೆ. ಏಪ್ರಿಲ್ ಬಂದರೆ ಏಳೂವರೆಯ ನಂತರ ಮೈದಾನದಲ್ಲಿ ನಿಲ್ಲಲಾಗದು. ಹಾಗಾಗಿ ಬೆಳಿಗ್ಗೆ ಐದೂವರೆಗೇ ಹೋಗಿ ಕೋನ್ ಇಟ್ಟು, ಹುಡುಗರಿಗೆ ವಾರ್ಮ್‌ಅಪ್ ಮಾಡಿಸಿ, ಗೋಲ್‌ಕೀಪರ್‌ಗಳನ್ನು ಬೇರೆ ನಿಲ್ಲಿಸಿಕೊಂಡು ಅಭ್ಯಾಸ ಕೊಡುತ್ತೇನೆ. ಅರ್ಹತಾ ಅರ್ಜಿಗಳನ್ನು ತುಂಬುವುದೂ, ಪಂದ್ಯಕ್ಕೆ ಹೋಗುವ ಬಸ್ಸಿನ ವ್ಯವಸ್ಥೆಯೂ ನನ್ನದೇ.

ಪಂದ್ಯಾವಳಿಯ ತಿಂಗಳುಗಳಲ್ಲಿ ಸಣ್ಣ ಗೌರವಧನ ಸಿಗುತ್ತದೆ, ಉಳಿದ ಕಾಲಕ್ಕೆ ಏನೂ ಇಲ್ಲ. ನೇಮಕಾತಿ ಪತ್ರವೂ ಇಲ್ಲ. ಪರಿಚಯದವರ ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವ ಕೆಲಸವಿದೆ, ಅದಕ್ಕೆ ಸೇರಿಬಿಡು ಎಂದು ನಮ್ಮಣ್ಣ ಹೇಳುತ್ತಿದ್ದಾನೆ. ಅವನ ಮಾತಿನಲ್ಲಿ ತಪ್ಪಿಲ್ಲವೆಂದು ನನಗೂ ಗೊತ್ತು, ಆದರೆ ತಂಡವನ್ನು ಬಿಡಲು ಮನಸ್ಸಾಗುತ್ತಿಲ್ಲ. ನಾನು ಎಂ.ಪಿ.ಇಡಿ. (ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ) ಮಾಡಬೇಕೋ, ಫುಟ್‌ಬಾಲ್ ಒಕ್ಕೂಟದ ತರಬೇತುದಾರರ ಲೈಸೆನ್ಸ್ ಪಡೆಯಬೇಕೋ? ಈ ಎರಡು ವರ್ಷದ ದುಡಿಮೆ ಮುಂದೆ ಎಲ್ಲಾದರೂ ಅನುಭವವೆಂದು ಲೆಕ್ಕಕ್ಕೆ ಬರುತ್ತದೆಯೇ?

ಉತ್ತರ 1 – ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕ, ಬೀದರ್

ತಮ್ಮಾ, ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಉದ್ಯೋಗಗಳು ಒಂದಾಗಿ ಕಲೆತುಹೋಗಿವೆ. ದೈಹಿಕ ಶಿಕ್ಷಣ ನಿರ್ದೇಶಕನ ಹುದ್ದೆ ಒಂದು, ಫುಟ್‌ಬಾಲ್ ತರಬೇತುದಾರನ ವೃತ್ತಿ ಮತ್ತೊಂದು. ಮೊದಲನೆಯದಕ್ಕೆ ಸಂಬಳವಿದೆ, ಭದ್ರತೆಯಿದೆ. ಆದರೆ ಆ ಕುರ್ಚಿಯಲ್ಲಿ ಕೂತವನು ಕಬಡ್ಡಿ, ವಾಲಿಬಾಲ್, ಅಥ್ಲೆಟಿಕ್ಸ್, ಕ್ರೀಡಾ ಸಾಮಗ್ರಿಯ ಖರೀದಿ, ದಾಸ್ತಾನು ಪುಸ್ತಕ ಎಲ್ಲವನ್ನೂ ನೋಡಿಕೊಳ್ಳಬೇಕಾಗುತ್ತದೆ, ಫುಟ್‌ಬಾಲಿಗೆ ಉಳಿಯುವುದು ದಿನದ ಒಂದು ತುಣುಕು ಮಾತ್ರ.

ಆ ಹುದ್ದೆಗೆ ಹೋಗುವುದಾದರೆ ಬಿ.ಪಿ.ಇಡಿ. ಸಾಲದು. ಯು.ಜಿ.ಸಿ.ಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ನಿಯಮಗಳಂತೆ ದೈಹಿಕ ಶಿಕ್ಷಣದಲ್ಲಿ ಶೇ. 55 ಅಂಕಗಳ ಸ್ನಾತಕೋತ್ತರ ಪದವಿ, ಅದರೊಂದಿಗೆ ನೆಟ್ ಅಥವಾ ಸ್ಲೆಟ್ (ಉಪನ್ಯಾಸಕರ ಅರ್ಹತಾ ಪರೀಕ್ಷೆಗಳು) ಅಥವಾ ಪಿಎಚ್‌.ಡಿ. ಬೇಕು. ಅಂತರ ಕಾಲೇಜು ಅಥವಾ ಅಂತರ ವಿಶ್ವವಿದ್ಯಾಲಯ ಮಟ್ಟದಲ್ಲಿ ಆಡಿದ ದಾಖಲೆಯನ್ನೂ ಕೇಳುತ್ತಾರೆ, ಅದು ನಿಮ್ಮ ಬಳಿ ಈಗಾಗಲೇ ಇದೆ. ದೇಹದಾರ್ಢ್ಯ ಪರೀಕ್ಷೆಯೂ ಇರುತ್ತದೆ: 30 ವರ್ಷದವರೆಗಿನ ಪುರುಷರು 12 ನಿಮಿಷದಲ್ಲಿ 1800 ಮೀಟರ್ ಕ್ರಮಿಸಬೇಕು. ದಿನವೂ ಹುಡುಗರೊಂದಿಗೆ ಓಡುವ ನಿಮಗೆ ಅದು ಕಷ್ಟವಾಗದು. ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಸಂವಿಧಾನದ 371(ಜೆ) ವಿಧಿಯಡಿ ಸ್ಥಳೀಯ ವೃಂದದ ಹುದ್ದೆಗಳಲ್ಲಿ ಹುದ್ದೆಯ ಗುಂಪಿಗೆ (ಎ, ಬಿ, ಸಿ, ಡಿ) ತಕ್ಕಂತೆ ಶೇ. 75ರಿಂದ 85ರವರೆಗೆ ಮೀಸಲಾತಿ ಇರುವುದರಿಂದ, ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ. ಹುದ್ದೆಗಳಿಗೆ ಅರ್ಜಿ ಕರೆಯುವುದು ಅಪರೂಪ, ಕರೆದಾಗ ಕಚೇರಿಗೆ ಅಲೆಯಲು ಸಮಯವಿರುವುದಿಲ್ಲ.

ಎರಡೂ ಒಬ್ಬನಲ್ಲೇ ಕೂಡಿಬರಲಾರವು ಎಂದು ನಾನು ಹೇಳುತ್ತಿಲ್ಲ. 1956ರವರೆಗೆ ನಮ್ಮ ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲಿದ್ದವು. ಅದೇ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಅವರು ಶಾಲಾ ಶಿಕ್ಷಕರಾಗಿದ್ದವರು, ದೈಹಿಕ ಶಿಕ್ಷಣದ ಡಿಪ್ಲೊಮಾ ಪಡೆದವರು. ಅವರು ಕಟ್ಟಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ ಸತತ ಐದು ಬಾರಿ ಮುಂಬೈನ ರೋವರ್ಸ್ ಕಪ್ ಫುಟ್‌ಬಾಲ್ ಪಂದ್ಯಾವಳಿಯನ್ನು ಗೆದ್ದಿತು, ಅವರ ಕೈಕೆಳಗೆ ಭಾರತ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಪಡೆಯಿತು. ನಾನು ಕೆಲಸಕ್ಕೆ ಸೇರಿದಾಗ ಬೀದರಿನ ಹಿರಿಯ ಆಟಗಾರರು ಅವರ ಹೆಸರನ್ನು ಮನೆಯ ಹಿರಿಯರ ಹೆಸರಿನಂತೆ ಹೇಳುತ್ತಿದ್ದರು.

ಇನ್ನು ಅನುಭವದ ಮಾತು. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ. ನನ್ನ ಕಾಲೇಜಿನಲ್ಲಿಯೂ ನಿಮ್ಮಂಥ ಹುಡುಗನೊಬ್ಬ ನಾಲ್ಕು ವರ್ಷ ತಂಡವನ್ನು ನೋಡಿಕೊಂಡ. ಮುಂದೆ ಒಂದು ಶಾಲೆಯಲ್ಲಿ ಕೋಚ್ ಕೆಲಸಕ್ಕೆ ಹೋದಾಗ ಪ್ರಮಾಣಪತ್ರ ಕೇಳಿದರು. ಅಷ್ಟರಲ್ಲಿ ನನಗೆ ವರ್ಗವಾಗಿತ್ತು, ಹೊಸದಾಗಿ ಬಂದ ಪ್ರಾಂಶುಪಾಲರಿಗೆ ಅವನು ಯಾರೆಂದೇ ತಿಳಿದಿರಲಿಲ್ಲ, ಕಡತದಲ್ಲಿ ಅವನ ಹೆಸರಿನ ಒಂದು ಹಾಳೆಯೂ ಇರಲಿಲ್ಲ. ಪ್ರತಿ ವರ್ಷ ಒಂದು ಪತ್ರ ಬರೆದುಕೊಡಬೇಕಾಗಿದ್ದವನು ನಾನು. ಆ ತಪ್ಪು ನನ್ನದು. ನಿಮ್ಮ ಪಿ.ಡಿ. ಅವರು ಒಳ್ಳೆಯವರೇ ಇರಬಹುದು, ಆದರೂ ಸಂಕೋಚಪಡದೆ ಕೇಳಿ.

ಉತ್ತರ 2 – ಫುಟ್‌ಬಾಲ್ ತರಬೇತುದಾರ, ಮೂಲತಃ ಯಾದಗಿರಿ, ಈಗ ಬೆಂಗಳೂರು

ಹಿರಿಯರ ಮಾತಿಗೆ ಒಂದು ವಿಷಯ ಸೇರಿಸುತ್ತೇನೆ. ಎಂ.ಪಿ.ಇಡಿ. ಮಾಡಿದರೂ ಬಿಟ್ಟರೂ, ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಡಿ ಲೈಸೆನ್ಸ್ ಅನ್ನು ಈ ವರ್ಷವೇ ಪಡೆಯಿರಿ. ಅದು ಸುಮಾರು ಒಂದು ವಾರದ ಶಿಬಿರ. ಎಂ.ಪಿ.ಇಡಿ.ಗೆ ಎರಡು ವರ್ಷ ಬೇಕು, ಇದಕ್ಕೆ ಒಂದು ರಜೆ ಸಾಕು. ಅದರ ಮೇಲೆ ಸಿ, ಬಿ, ಎ, ಪ್ರೊ ಎಂದು ಮೆಟ್ಟಿಲುಗಳಿವೆ, ಸಾಮಾನ್ಯವಾಗಿ ಒಂದನ್ನು ಹಾರಿ ಇನ್ನೊಂದಕ್ಕೆ ಹೋಗಲು ಬರುವುದಿಲ್ಲ. ಬೆಂಗಳೂರಿನ ಶಾಲೆಗಳೂ ಅಕಾಡೆಮಿಗಳೂ ಅಭ್ಯರ್ಥಿಯ ಪದವಿಗಿಂತ ಮೊದಲು ಲೈಸೆನ್ಸ್ ಇದೆಯೇ ಎಂದು ಕೇಳುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ.

ಶಿಬಿರದಲ್ಲಿ ನಿಮ್ಮಿಂದ ಒಂದು ಅಭ್ಯಾಸವನ್ನು ನಡೆಸಿಸಿ ಬೋಧಕರು ಪಕ್ಕದಲ್ಲಿ ನಿಂತು ನೋಡುತ್ತಾರೆ. ಆಟವನ್ನು ಯಾವ ಕ್ಷಣದಲ್ಲಿ ನಿಲ್ಲಿಸಿದಿರಿ, ನಿಲ್ಲಿಸಿ ಏನು ಹೇಳಿದಿರಿ, ಹೇಳಿದ ಮೇಲೆ ಹುಡುಗನ ಆಟ ಬದಲಾಯಿತೇ ಎಂಬುದನ್ನು ಗಮನಿಸುತ್ತಾರೆ. ಕೋನ್ ಇಟ್ಟು ಸೀಟಿ ಊದುವುದಷ್ಟೇ ಅಭ್ಯಾಸವಾಗಿದ್ದರೆ ಅಲ್ಲಿ ತಡಕಾಡಬೇಕಾಗುತ್ತದೆ, ನಾನೂ ಮೊದಲ ದಿನ ತಡಕಾಡಿದವನೇ. ಆದ್ದರಿಂದ ತಂಡದ ಆಟದಲ್ಲಿ ಒಂದು ಭಾಗವನ್ನು ಪೂರ್ತಿಯಾಗಿ ನನಗೆ ಕೊಡಿ ಎಂದು ಪಿ.ಡಿ. ಸರ್ ಅವರನ್ನು ಕೇಳಿ. ಗೋಲ್‌ಕೀಪರ್‌ಗಳು ಈಗಾಗಲೇ ನಿಮ್ಮ ಬಳಿ ಇದ್ದಾರೆ. ಕಾರ್ನರ್ ಮತ್ತು ಫ್ರೀ ಕಿಕ್‌ಗಳನ್ನೂ ತೆಗೆದುಕೊಳ್ಳಿ. ನಮ್ಮ ಎರೆಮಣ್ಣಿನ ಮೈದಾನ ಬೇಸಿಗೆಯಲ್ಲಿ ಬಿರಿದು ಚೆಂಡು ನೆಲದ ಮೇಲೆ ನೇರವಾಗಿ ಉರುಳುವುದಿಲ್ಲ, ಮಳೆಗಾಲದಲ್ಲಿ ಬೂಟಿಗೆ ಮಣ್ಣು ಮೆತ್ತಿಕೊಂಡು ಕಾಲೇ ಏಳುವುದಿಲ್ಲ. ಅಂಥ ನೆಲದಲ್ಲಿ ನಿಂತ ಚೆಂಡಿನಿಂದ ಶುರುವಾಗುವ ಆಟಕ್ಕೆ ಬೆಲೆ ಹೆಚ್ಚು. ಪ್ರತಿ ಪಂದ್ಯದಲ್ಲಿ ಎಷ್ಟು ಕಾರ್ನರ್ ಸಿಕ್ಕವು, ಅವುಗಳಲ್ಲಿ ಎಷ್ಟು ಬಾರಿ ಚೆಂಡು ಮೊದಲು ನಮ್ಮವರಿಗೆ ತಗುಲಿತು ಎಂದು ಬರೆದಿಡಿ. ಮುಂದೆ ಸಂದರ್ಶನದಲ್ಲಿ ನೀವು ಏನು ಮಾಡಿದಿರಿ ಎಂದು ಕೇಳಿದಾಗ ಆ ನೋಟ್‌ಬುಕ್ಕೇ ಉತ್ತರ ಕೊಡುತ್ತದೆ.

ಸಹಾಯಕನ ಸ್ಥಾನವನ್ನು ಕೀಳೆಂದೂ ಎಣಿಸಬೇಡಿ. ಖಾಲಿದ್ ಜಮೀಲ್ ಅವರು 2016-17ರಲ್ಲಿ ಮಿಜೋರಾಮಿನ ಐಜಾಲ್ ತಂಡಕ್ಕೆ ಐ-ಲೀಗ್ (ರಾಷ್ಟ್ರೀಯ ಕ್ಲಬ್ ಲೀಗ್) ಗೆದ್ದುಕೊಟ್ಟ ಮೇಲೆಯೂ ನಾರ್ತ್‌ಈಸ್ಟ್ ಯುನೈಟೆಡ್‌ನಲ್ಲಿ ಸಹಾಯಕರಾಗಿ ದುಡಿದರು. 2020-21ರ ಋತುವಿನ ನಡುವೆ ಮುಖ್ಯ ತರಬೇತುದಾರರು ನಿರ್ಗಮಿಸಿದಾಗ ತಂಡದ ಹೊಣೆ ಹೊತ್ತು ಅದನ್ನು ಪ್ಲೇಆಫ್‌ವರೆಗೆ ಒಯ್ದರು, 2025ರಲ್ಲಿ ಭಾರತ ತಂಡದ ಮುಖ್ಯ ತರಬೇತುದಾರರಾದರು.

ಉತ್ತರ 3 – ಮಾಜಿ ಆಟಗಾರ್ತಿ, ಕಲಬುರಗಿ

ಅಣ್ಣ, ನಿಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿನಿಯರ ತಂಡ ಇದೆಯೇ? ನಾವು ಆಡುತ್ತಿದ್ದಾಗ ಪಂದ್ಯಕ್ಕೆ ಹತ್ತು ದಿನವಿರುವಾಗ ತಂಡ ಕಟ್ಟುತ್ತಿದ್ದರು, ಅಭ್ಯಾಸ ಕೊಡಲು ಯಾರೂ ಇರುತ್ತಿರಲಿಲ್ಲ. ಹುಡುಗರ ಅಭ್ಯಾಸ ಮುಗಿದ ಮೇಲೆ ಉಳಿದ ಚೆಂಡುಗಳಲ್ಲಿ ನಾವೇ ಆಡಿಕೊಳ್ಳುತ್ತಿದ್ದೆವು. ಆ ತಂಡವನ್ನು ವಹಿಸಿಕೊಂಡರೆ ಅಲ್ಲಿ ನೀವು ಯಾರಿಗೂ ಸಹಾಯಕರಲ್ಲ, ಆಟಗಾರ್ತಿಯರ ಆಯ್ಕೆಯಿಂದ ಹಿಡಿದು ಆಟದ ಯೋಜನೆಯವರೆಗೆ ಎಲ್ಲವೂ ನಿಮ್ಮ ತೀರ್ಮಾನವೇ ಆಗುತ್ತದೆ. ಮುಖ್ಯ ತರಬೇತುದಾರನ ಅನುಭವಕ್ಕಾಗಿ ಬೆಂಗಳೂರಿಗೆ ಹೋಗುವ ಮೊದಲು ಅದನ್ನು ಯೋಚಿಸಿ.

ಪ್ರಶ್ನೆ ಕೇಳಿದವರಿಂದ

ತಂಡ ಇದೆ ಅಕ್ಕ, ನೀವು ಹೇಳಿದ ಸ್ಥಿತಿಯಲ್ಲೇ ಇದೆ. ಇಷ್ಟು ದಿನ ಅದು ನನ್ನ ಲಕ್ಷ್ಯಕ್ಕೆ ಬಾರದಿದ್ದುದಕ್ಕೆ ನಾಚಿಕೆಯಾಗುತ್ತಿದೆ. ನಾಳೆಯೇ ಸರ್ ಅವರನ್ನು ಕಾಣುತ್ತೇನೆ. ದಾಲ್ ಮಿಲ್‌ನವರು ಮಧ್ಯಾಹ್ನದ ಪಾಳಿ ಕೊಟ್ಟರೆ ಅದಕ್ಕೂ ಸೇರಿ, ಲೈಸೆನ್ಸ್ ಶಿಬಿರದ ಶುಲ್ಕ ಕೂಡಿಸುತ್ತೇನೆ. ಬೀದರಿನ ಸರ್, ಆ ಪತ್ರದಲ್ಲಿ ಏನೇನು ಇರಬೇಕೆಂದು ದಯವಿಟ್ಟು ತಿಳಿಸಿ.

ಉತ್ತರ 1ರ ಮುಂದುವರಿಕೆ – ಬೀದರ್

ಕಾಲೇಜಿನ ಲೆಟರ್‌ಹೆಡ್‌ನಲ್ಲಿ, ಜಾವಕ ಸಂಖ್ಯೆ ಮತ್ತು ದಿನಾಂಕದೊಂದಿಗೆ ಇರಲಿ. ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ, ಯಾವ ತಂಡಕ್ಕೆ, ವಾರಕ್ಕೆ ಎಷ್ಟು ದಿನ ತರಬೇತಿ ಕೊಟ್ಟಿರಿ, ತಂಡ ಯಾವ ಪಂದ್ಯಾವಳಿಗಳಲ್ಲಿ ಆಡಿತು ಎಂಬುದನ್ನು ಸ್ಪಷ್ಟವಾಗಿ ಬರೆಸಿ. ‘ಸಹಕರಿಸಿದ್ದಾರೆ’ ಎಂಬ ಪದ ಬೇಡ, ‘ಸಹಾಯಕ ತರಬೇತುದಾರರಾಗಿ ಕಾರ್ಯನಿರ್ವಹಿಸಿದ್ದಾರೆ’ ಎಂದೇ ಇರಲಿ. ಪಿ.ಡಿ. ಅವರ ಸಹಿಯೊಂದೇ ಸಾಲದು, ಪ್ರಾಂಶುಪಾಲರ ಸಹಿ ಮತ್ತು ಮೊಹರು ಬೇಕು. ಹಿಂದಿನ ಎರಡು ವರ್ಷಗಳಿಗೂ ಸೇರಿಸಿ ಕೇಳಿ. ಗೌರವಧನದ ರಸೀದಿಗಳಿದ್ದರೆ ಅವುಗಳ ಪ್ರತಿಯನ್ನು ಜೊತೆಗೆ ಒಯ್ಯಿರಿ.