ಕೈಯಿಂದ ಮಾಡಿದ ಲ್ಯಾಪ್ ಸ್ಟೀಲ್ ಗಿಟಾರ್: ಯಾರಲ್ಲಿ ಮಾಡಿಸಬೇಕು, ಏನನ್ನು ಹೇಳಿ ಮಾಡಿಸಬೇಕು?

ತಂತಿ_ಹುಬ್ಬಳ್ಳಿ:

ಎಲ್ಲರಿಗೂ ನಮಸ್ಕಾರ. ನಾನು ಐದು ವರ್ಷಗಳಿಂದ ಸ್ಲೈಡ್ ಗಿಟಾರಿನಲ್ಲಿ ಹಿಂದೂಸ್ತಾನಿ ಸಂಗೀತ ಕಲಿಯುತ್ತಿದ್ದೇನೆ. ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆಯವರ ಕಾರ್ಯಕ್ರಮವೊಂದನ್ನು ಕೇಳಿದ ಮೇಲೆ ಹುಟ್ಟಿದ ಆಸೆ ಇದು. ಈಗ ನನ್ನ ಬಳಿ ಇರುವುದು ಸಾಧಾರಣ ಅಕೌಸ್ಟಿಕ್ ಗಿಟಾರ್. ಅದರ ದಂಡಿಯ ತುದಿಯಲ್ಲಿ ತಂತಿಗಳನ್ನು ಆನಿಸುವ ನಟ್‌ನ ಮೇಲೆ ಲೋಹದ ಪಟ್ಟಿಯೊಂದನ್ನು ಕೂರಿಸಿ ತಂತಿಗಳನ್ನು ಮೇಲೆತ್ತಿಕೊಂಡಿದ್ದೇನೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಉಕ್ಕಿನ ಬಾರಿನಿಂದ ನುಡಿಸುತ್ತೇನೆ. ಹೀಗೆ ನುಡಿಸಲೆಂದೇ ಮಾಡಿದ ಗಿಟಾರನ್ನು ಲ್ಯಾಪ್ ಸ್ಟೀಲ್ ಎನ್ನುತ್ತಾರೆ.

ಎರಡು ವರ್ಷಗಳ ಹಿಂದೆ ಅಂಗಡಿಯೊಂದರಲ್ಲಿ, ಸ್ಲೈಡ್ ನುಡಿಸಲೆಂದೇ ಕೈಯಿಂದ ಮಾಡಿದ್ದು ಎಂಬ ಮಾತನ್ನು ನಂಬಿ ಒಂದು ವಾದ್ಯ ಕೊಂಡೆ. ಎಂಟೇ ತಿಂಗಳಲ್ಲಿ ಅದರ ಒಡಲಿನ ಮೇಲೆ ತಂತಿಗಳನ್ನು ಹೊರುವ ಕುದುರೆಯ ಹಿಂದಿನ ಹಲಗೆ ಉಬ್ಬಿತು, ಕುದುರೆ ಒಂದು ಬದಿಯಲ್ಲಿ ಅಂಟು ಬಿಟ್ಟು ಎದ್ದಿತು. ಹವೆಯ ದೋಷವೆಂದು ಅಂಗಡಿಯವರು ಹೇಳಿದರು. ಕೂಡಿಟ್ಟ ಹಣ ಹೀಗೆ ಹೋದದ್ದರ ನೋವು ಇನ್ನೂ ಇದೆ.

ಈಗ ಮತ್ತೆ ಸ್ವಲ್ಪ ಹಣ ಕೂಡಿದೆ. ಒಬ್ಬರೇ ಕುಳಿತು ವಾದ್ಯ ಮಾಡುವ ಸ್ವತಂತ್ರ ತಯಾರಕರಲ್ಲಿ ಮಾಡಿಸಬೇಕೆಂದಿದ್ದೇನೆ. ವಿದೇಶದಿಂದ ತರಿಸುವುದೇ, ಇಲ್ಲಿಯೇ ಮಾಡಿಸುವುದೇ? ಮರಕ್ಕೆ ಎಷ್ಟು ಮಹತ್ವ ಕೊಡಬೇಕು? ಎಲ್ಲಕ್ಕಿಂತ ಮುಖ್ಯವಾಗಿ, ತಯಾರಕರ ಮುಂದೆ ಕುಳಿತಾಗ ನಾನು ಯಾವ ಅಳತೆಗಳನ್ನು ಹೇಳಬೇಕು ಎಂಬುದು ನನಗೆ ತಿಳಿಯದು. ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಮರಗೆಲಸ_ಶಿರಸಿ:

ನಮಸ್ಕಾರ ಮೇಡಂ. ನನ್ನ ಕಸುಬು ಪೀಠೋಪಕರಣಗಳದ್ದು. ಕಳೆದ ಒಂಬತ್ತು ವರ್ಷಗಳಲ್ಲಿ ಏಳು ಲ್ಯಾಪ್ ಸ್ಟೀಲ್ ವಾದ್ಯಗಳನ್ನು ಮಾಡಿದ್ದೇನೆ. ಅವುಗಳಲ್ಲಿ ಮೊದಲ ಎರಡನ್ನು ಯಾರಿಗೂ ಕೊಡಲಿಲ್ಲ, ಕೊಡುವಂತೆಯೂ ಇರಲಿಲ್ಲ. ಹಾಗಾಗಿ ನಿಮ್ಮ ಹಳೆಯ ವಾದ್ಯಕ್ಕೆ ಏನಾಗಿರಬಹುದು ಎಂಬುದರಿಂದಲೇ ಆರಂಭಿಸುತ್ತೇನೆ.

ಆರು ಉಕ್ಕಿನ ತಂತಿಗಳು ಸೇರಿ ಗಿಟಾರನ್ನು ಎಳೆಯುವ ಬಲ ಸುಮಾರು 70 ಕಿಲೋ ತೂಕಕ್ಕೆ ಸಮ. ಈ ಎಳೆತ ಕುದುರೆಯನ್ನು ಮುಂದಕ್ಕೆ ಮಗುಚಲು ನೋಡುತ್ತದೆ, ಮತ್ತು ಹಲಗೆಯಿಂದ ತಂತಿ ಎಷ್ಟು ಎತ್ತರದಲ್ಲಿದೆಯೋ ಮಗುಚುವ ಬಲವೂ ಅಷ್ಟಷ್ಟೇ ಹೆಚ್ಚುತ್ತದೆ. ಸಾಧಾರಣ ಗಿಟಾರಿನ ಒಡಲನ್ನೇ ಇಟ್ಟುಕೊಂಡು, ಒಳಗಿನ ಪಟ್ಟಿಗಳನ್ನು ಬಲಪಡಿಸದೆ, ಕುದುರೆಯನ್ನೂ ನಟ್ಟನ್ನೂ ಎತ್ತರಿಸಿ, ಮೇಲೆ ದಪ್ಪ ತಂತಿ ಕಟ್ಟಿ ಸ್ಲೈಡ್ ಗಿಟಾರ್ ಎಂದು ಮಾರಿದರೆ ಕುದುರೆಯ ಹಿಂದಿನ ಹಲಗೆ ಉಬ್ಬದೆ ಇನ್ನೇನಾದೀತು? ಹುಬ್ಬಳ್ಳಿಯ ಒಣ ಬೇಸಿಗೆ ಅಂಟನ್ನು ದುರ್ಬಲಗೊಳಿಸಿರಬಹುದು, ಆದರೆ ಹೊಣೆಯೆಲ್ಲ ಹವೆಯದ್ದಲ್ಲ.

ಹಳೆಯ ಹವಾಯಿ ಮಾದರಿಯ ತಯಾರಕರು ಇದನ್ನು ಬಲು ಚೆನ್ನಾಗಿ ಬಿಡಿಸಿದ್ದರು. ಲಾಸ್ ಏಂಜಲೀಸ್‌ನಲ್ಲಿ ಹರ್ಮನ್ ವೈಸನ್‌ಬಾರ್ನ್ 1920ರ ದಶಕದಲ್ಲಿ ಮಾಡುತ್ತಿದ್ದ ಗಿಟಾರುಗಳಲ್ಲಿ ಒಡಲಿಗೆ ಪ್ರತ್ಯೇಕ ದಂಡಿಯನ್ನು ಜೋಡಿಸುತ್ತಿರಲಿಲ್ಲ. ಒಡಲೇ ಕಿರಿದಾಗುತ್ತ ಹೋಗಿ ಒಳಗೆ ಟೊಳ್ಳಾದ ದಂಡಿಯಾಗುತ್ತಿತ್ತು. ಬೆರಳಿನಿಂದ ಒತ್ತುವುದಿಲ್ಲವಾದ್ದರಿಂದ ದಂಡಿಯನ್ನು ಅಂಗೈ ಹಿಡಿತಕ್ಕೆ ಸಿಗುವಂತೆ ಸಪೂರ ಮಾಡುವ ಅಗತ್ಯವೇ ಇರಲಿಲ್ಲ. ಸ್ವರದ ಮನೆಗಳನ್ನು ಗುರುತಿಸುವ ತೆಳು ಹಲಗೆ ನೇರವಾಗಿ ಮೇಲ್‌ಹಲಗೆಗೇ ಅಂಟಿಕೊಂಡಿರುವುದರಿಂದ, ನಟ್‌ನ ಬಳಿ ತಂತಿ ಎತ್ತರವಿದ್ದರೂ ಕುದುರೆಯ ಬಳಿ ಅದು ಹಲಗೆಯಿಂದ ಅತಿಯಾಗಿ ಮೇಲೇಳುವುದಿಲ್ಲ. ಬಾಗುವುದಕ್ಕೆ ಪ್ರತ್ಯೇಕ ದಂಡಿಯೇ ಇಲ್ಲ, ಮಗುಚುವ ಬಲವೂ ಮಿತಿಯಲ್ಲಿರುತ್ತದೆ. ಆ ರಚನೆಯನ್ನು ಮೊದಲ ಸಲ ಬಿಚ್ಚಿ ನೋಡಿದ ದಿನ ನನಗೆ ನಿದ್ದೆ ಬರಲಿಲ್ಲ.

ಇನ್ನು ಅಳತೆಗಳು. ಮೊದಲು ತಂತಿಯ ಉದ್ದವನ್ನು ನಿರ್ಧರಿಸಿಕೊಳ್ಳಿ. ವೈಸನ್‌ಬಾರ್ನ್ ಮಾದರಿಯಲ್ಲಿ ನಟ್‌ನಿಂದ ಕುದುರೆಗೆ ಸುಮಾರು 25 ಇಂಚು. ವಿದ್ಯುತ್ ಲ್ಯಾಪ್ ಸ್ಟೀಲ್‌ಗಳಲ್ಲಿ 22.5 ಇಂಚು ಸಾಮಾನ್ಯ. ಅದೇ ತಂತಿಯನ್ನು ಅದೇ ಶ್ರುತಿಗೆ ಎಳೆದರೆ ಬಲವು ಉದ್ದದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ, ಅಂದರೆ 25 ಇಂಚಿನಲ್ಲಿ ಎಳೆತ ಸುಮಾರು ಶೇ 23ರಷ್ಟು ಹೆಚ್ಚು. ಎಳೆತ ಕಡಿಮೆಯಾದರೆ ಬಾರಿನ ಭಾರಕ್ಕೆ ತಂತಿ ಕೆಳಗೆ ಬಾಗುತ್ತದೆ, ಸ್ವರ ಅಲುಗುತ್ತದೆ. ಉದ್ದ ಹೆಚ್ಚಾದಷ್ಟು ಸ್ವರಗಳ ನಡುವಿನ ಅಂತರವೂ ಹೆಚ್ಚುವುದರಿಂದ ಮೀಂಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು) ಎಳೆಯುವಾಗ ನಿಖರತೆ ಸಿಗುತ್ತದೆ, ಆದರೆ ದ್ರುತ್‌ನ ವೇಗದ ತಾನಗಳಲ್ಲಿ ಕೈ ಹೆಚ್ಚು ದೂರ ಓಡಬೇಕಾಗುತ್ತದೆ. ನಿಧಾನದ ಆಲಾಪವೇ ನಿಮ್ಮ ಮನಸ್ಸಿಗೆ ಹತ್ತಿರವಾದರೆ 25 ಇಂಚನ್ನೇ ಆರಿಸಿ.

ಎರಡನೆಯದು ತಂತಿಗಳ ನಡುವಿನ ಅಂತರ. ಸಾಧಾರಣ ಗಿಟಾರಿನಲ್ಲಿ ನಟ್‌ನ ಕಡೆ ತಂತಿಗಳು ಒತ್ತೊತ್ತಾಗಿದ್ದು ಕುದುರೆಯ ಕಡೆ ಅಗಲವಾಗುತ್ತವೆ; ಲ್ಯಾಪ್ ಸ್ಟೀಲ್‌ನಲ್ಲಿ ಅವು ಹೆಚ್ಚುಕಡಿಮೆ ಸಮಾನಾಂತರವಾಗಿರಬೇಕು, ಒಂಬತ್ತು ಹತ್ತು ಮಿಲಿಮೀಟರ್ ಅಂತರವಿರಬೇಕು. ಒಂದೇ ತಂತಿಯ ಮೇಲೆ ಬಾರಿನ ತುದಿಯನ್ನು ಊರುವ ನಮ್ಮ ಸಂಗೀತಕ್ಕೆ ಇದು ಇನ್ನೂ ಹೆಚ್ಚು ಅವಶ್ಯಕ. ತಂತಿಯನ್ನು ಕೆಳಗೆ ಒತ್ತಿ ಹಿಗ್ಗಿಸುವುದಿಲ್ಲವಾದ್ದರಿಂದ ಕುದುರೆಯ ಮೇಲಿನ ಮೂಳೆಯ ಪಟ್ಟಿಯನ್ನು ಓರೆಯಾಗಿ ಕೂರಿಸಬೇಕಾಗಿಲ್ಲ, ನೇರವಾಗಿಯೇ ಇಡಬಹುದು. ಓರೆಯಾಗಿ ಇಟ್ಟವರನ್ನು ಕಂಡರೆ, ಅವರು ಗಿಟಾರ್ ಮಾಡಿದ್ದಾರೆ, ಲ್ಯಾಪ್ ಸ್ಟೀಲ್ ಮಾಡಿಲ್ಲ ಎಂದು ನಾನು ತಿಳಿಯುತ್ತೇನೆ.

ಮರದ ವಿಷಯ ಕೊನೆಗೆ ಬರೆಯುತ್ತಿದ್ದೇನೆ, ಏಕೆಂದರೆ ಅದರ ಸ್ಥಾನವೂ ಅಲ್ಲಿಯೇ. ವೈಸನ್‌ಬಾರ್ನ್ ಬಳಸಿದ್ದು ಕೊವಾ ಮರ. ಅದು ಹವಾಯಿ ದ್ವೀಪಗಳಲ್ಲಿ ಮಾತ್ರ ಸಹಜವಾಗಿ ಬೆಳೆಯುವ ಅಕೇಶಿಯಾ ಜಾತಿ. ನಮ್ಮ ಮಲೆನಾಡು ಮತ್ತು ಕರಾವಳಿಯ ಗುಡ್ಡಗಳಲ್ಲಿ ನೆಡುತೋಪುಗಳಾಗಿ ಬೆಳೆಸಿರುವ ಅಕೇಶಿಯಾ ಅದೇ ಕುಲಕ್ಕೆ ಸೇರಿದ್ದು; ಎರಡರಲ್ಲೂ ಎಲೆಯೆಂದು ಕಾಣುವುದು ಚಪ್ಪಟೆಯಾದ ತೊಟ್ಟೇ. ನಮ್ಮ ಸಹಜ ಕಾಡಿಗೆ ಈ ನೆಡುತೋಪುಗಳು ಮಾಡಿದ ಹಾನಿಯನ್ನು ಕಂಡೇ ಬೆಳೆದವನು ನಾನು, ಹಾಗಾಗಿ ಆ ಮರವನ್ನು ಹೊಗಳಲು ಮನಸ್ಸು ಸುಲಭವಾಗಿ ಒಪ್ಪುವುದಿಲ್ಲ. ಆದರೂ ಕಡಿದು ರಾಶಿ ಹಾಕಿದ ದಿಮ್ಮಿಗಳಿಂದ ಒಳ್ಳೆಯ ಹಲಗೆಗಳನ್ನು ಆರಿಸಿ, ನೆರಳಿನಲ್ಲಿ ಮೂರು ವರ್ಷ ಒಣಗಿಸಿ ಮಾಡಿದ ನನ್ನ ಐದನೆಯ ವಾದ್ಯ, ಇದುವರೆಗೆ ಮಾಡಿದ ಎಲ್ಲವುಗಳಿಗಿಂತ ಚೆನ್ನಾಗಿ ನುಡಿಯುತ್ತದೆ. ಕಾಂಡ ಡೊಂಕಾಗಿರುವುದರಿಂದ ಉದ್ದದ ಹಲಗೆ ಸಿಗುವುದು ಕಷ್ಟ, ಅವಸರದಲ್ಲಿ ಒಣಗಿಸಿದರೆ ಬಿರುಕು ಬಿಡುತ್ತದೆ. ಬೀಟೆಯನ್ನು ಬಳಸುವುದಾದರೆ ದಾಖಲೆಯಿಲ್ಲದ ಮರವನ್ನು ಮುಟ್ಟಲೇಬೇಡಿ.

ಕೊವಾ_ಕ್ಯಾಲಿಫೋರ್ನಿಯಾ:

ಶಿರಸಿಯವರ ಬರಹವನ್ನು ಎರಡು ಸಲ ಓದಿದೆ. ನಾನು ಸಾಗರ ತಾಲ್ಲೂಕಿನವನು, ಈಗ ಹದಿನಾಲ್ಕು ವರ್ಷಗಳಿಂದ ಇಲ್ಲಿದ್ದೇನೆ. ಇಲ್ಲಿನ ಒಬ್ಬ ತಯಾರಕರಲ್ಲಿ ವಾದ್ಯ ಮಾಡಿಸಿಕೊಂಡ ಅನುಭವವನ್ನು ಹೇಳುತ್ತೇನೆ.

ಈ ಕಸುಬು ಒಬ್ಬೊಬ್ಬರ ಕೈಯಲ್ಲೇ ಏಕೆ ಉಳಿದಿದೆ ಎಂಬುದಕ್ಕೆ ಕಾರಣವಿದೆ. ಹವಾಯಿಯ ಒವಾಹು ದ್ವೀಪದ ಲಾಯಿಯೆ ಊರಿನ ಜೋಸೆಫ್ ಕೆಕೂಕು 1880ರ ದಶಕದ ಕೊನೆಯಲ್ಲಿ ಈ ವಾದನಕ್ರಮವನ್ನು ರೂಪಿಸಿದವರೆಂದು ಬಹುಮಂದಿ ಒಪ್ಪುತ್ತಾರೆ. ವಾದ್ಯದ ಹೆಸರಿನಲ್ಲಿರುವ ಸ್ಟೀಲ್ ಎಂಬುದು ಒಡಲಿನದ್ದಲ್ಲ, ಕೈಯಲ್ಲಿ ಹಿಡಿಯುವ ಆ ಉಕ್ಕಿನ ತುಂಡಿನದ್ದು. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಪನಾಮಾ-ಪೆಸಿಫಿಕ್ ಪ್ರದರ್ಶನದಲ್ಲಿ ಹವಾಯಿಯ ಸಂಗೀತಗಾರರನ್ನು ಕೇಳಿದ ಅಮೆರಿಕ ಈ ನಾದಕ್ಕೆ ಮರುಳಾಯಿತು, ವೈಸನ್‌ಬಾರ್ನ್ ಅವರಂಥವರಿಗೆ ಕೈತುಂಬ ಕೆಲಸ ಬಂತು. ಆಮೇಲೆ ವಿದ್ಯುತ್ ಬಂದಿತು. ಜಾರ್ಜ್ ಬೋಶಾಂ ಅವರ ಕಲ್ಪನೆಯ ವಿದ್ಯುತ್ ಗಿಟಾರಿನ ಮೊದಲ ಮಾದರಿಯನ್ನು 1931ರಲ್ಲಿ ಹ್ಯಾರಿ ವಾಟ್ಸನ್ ಎಂಬ ಕುಶಲಕರ್ಮಿ ಮರದಲ್ಲಿ ಕೈಯಿಂದಲೇ ಕೆತ್ತಿದರು. ಮರುವರ್ಷ ಅದು ಎರಕದ ಅಲ್ಯೂಮಿನಿಯಂನಲ್ಲಿ ಮಾರುಕಟ್ಟೆಗೆ ಬಂತು. ಅದೇ ರಿಕೆನ್‌ಬ್ಯಾಕರ್‌ನ ಪ್ರಸಿದ್ಧ ಫ್ರೈಯಿಂಗ್ ಪ್ಯಾನ್. ಅಲ್ಯೂಮಿನಿಯಂ ಬಿಸಿಗೆ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ವೇದಿಕೆಯ ದೀಪಗಳ ಕೆಳಗೆ ಶ್ರುತಿ ಹೊರಳುತ್ತಿತ್ತು, ಹಾಗಾಗಿ 1935ರಲ್ಲಿ ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಮಾದರಿಯನ್ನು ತಂದರು. 1937ರಲ್ಲಿ ವೈಸನ್‌ಬಾರ್ನ್ ತೀರಿಕೊಳ್ಳುವ ಹೊತ್ತಿಗೆ ಟೊಳ್ಳು ದಂಡಿಯ ವಾದ್ಯಗಳನ್ನು ಕೇಳುವವರು ವಿರಳವಾಗಿದ್ದರು.

ಅವು ಅಟ್ಟಗಳಿಂದ ಮತ್ತೆ ಕೆಳಗಿಳಿದದ್ದು ಡೇವಿಡ್ ಲಿಂಡ್ಲಿ ಮತ್ತು ಬೆನ್ ಹಾರ್ಪರ್ ಅವರಂಥ ವಾದಕರಿಂದ. ಹಾರ್ಪರ್ ಅವರ ಅಜ್ಜ ಅಜ್ಜಿ 1958ರಲ್ಲಿ ಕ್ಲೇರ್‌ಮಾಂಟ್‌ನಲ್ಲಿ ಆರಂಭಿಸಿದ ಫೋಕ್ ಮ್ಯೂಸಿಕ್ ಸೆಂಟರ್ ಇಂದಿಗೂ ಇದೆ. ಹಳೆಯ ವಾದ್ಯಗಳ ನಡುವೆಯೇ ಆತ ಬೆಳೆದದ್ದು. ಬೇಡಿಕೆ ಮರಳಿತು, ಆದರೆ ದೊಡ್ಡ ಕಾರ್ಖಾನೆ ನಡೆಸುವಷ್ಟು ಮರಳಲಿಲ್ಲ. ಆ ನಡುವಿನ ಜಾಗವನ್ನು ತುಂಬಿದವರು ಸ್ವತಂತ್ರ ತಯಾರಕರು. ಹಾರ್ಪರ್ ಅವರೊಂದಿಗೆ ಸೇರಿ ವಿದ್ಯುತ್ ಲ್ಯಾಪ್ ಸ್ಟೀಲ್ ರೂಪಿಸಿದ ಬಿಲ್ ಆಶರ್, ಹಳೆಯ ಮಾದರಿಯ ವಾದ್ಯಗಳನ್ನು ಶ್ರದ್ಧೆಯಿಂದ ಮಾಡುವ ಟಾಡ್ ಕ್ಲೈನ್‌ಸ್ಮಿತ್ ಅವರಂಥವರ ಹೆಸರು ಈ ವಲಯದಲ್ಲಿ ಎಲ್ಲರಿಗೂ ಗೊತ್ತು.

ನನಗೆ ಮಾಡಿಕೊಟ್ಟವರು ಹೆಸರುವಾಸಿಯಲ್ಲ, ಮನೆಯ ಗ್ಯಾರೇಜಿನಲ್ಲಿ ಒಬ್ಬರೇ ಕೆಲಸ ಮಾಡುವ ಹಿರಿಯರು. ಹನ್ನೊಂದು ತಿಂಗಳು ಕಾದೆ. ಮುಂಗಡ ಪಡೆಯುವ ಮೊದಲು ನನ್ನ ವಾದನದ ಧ್ವನಿಮುದ್ರಣ ಕಳುಹಿಸಲು ಹೇಳಿದರು, ಬಾರಿನ ತೂಕ ಕೇಳಿದರು, ಕುರ್ಚಿಯ ಮೇಲೆ ಕೂರುತ್ತೀರೋ ನೆಲದ ಮೇಲೋ ಎಂದು ವಿಚಾರಿಸಿದರು. ನೆಲದ ಮೇಲೆ ಎಂದಾಗ ಒಡಲಿನ ಅಗಲವನ್ನು ಒಂದು ಇಂಚು ಕಡಿಮೆ ಮಾಡಿದರು. ಈ ಮೂರು ಪ್ರಶ್ನೆಗಳನ್ನು ಕೇಳುವವರು ಸಿಕ್ಕರೆ, ಅವರು ಯಾವ ದೇಶದವರಾದರೂ ಅವರಲ್ಲೇ ಮಾಡಿಸಿ. ಇಲ್ಲಿಂದ ತರಿಸಿದರೆ ಮಾತ್ರ ಎರಡು ಮೂರು ಸಾವಿರ ಡಾಲರಿನ ಮೇಲೆ ಸಾಗಣೆಯ ವೆಚ್ಚ, ಸುಂಕ ಎಲ್ಲವೂ ಸೇರುತ್ತವೆ. ಜೊತೆಗೆ ನಾಳೆ ಕುದುರೆ ಎದ್ದರೆ ಯಾರ ಬಳಿ ಒಯ್ಯುತ್ತೀರಿ ಎಂಬುದನ್ನೂ ಯೋಚಿಸಿ.

ಗೋಟುವಾದ್ಯ_ಬೆಂಗಳೂರು:

ಮೇಲಿನ ಇಬ್ಬರೂ ತಿಳಿದೇ ಬರೆದಿದ್ದಾರೆ, ಆದರೆ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಆರು ತಂತಿಯ ಹವಾಯಿ ವಾದ್ಯವನ್ನೇ ನೀವು ಏಕೆ ಗುರಿಯಾಗಿಟ್ಟುಕೊಳ್ಳಬೇಕು? ನಾನು ಕಲಿಯುವುದು ಗೋಟುವಾದ್ಯ, ಅಂದರೆ ತಂತಿಗಳ ಮೇಲೆ ತುಂಡೊಂದನ್ನು ಜಾರಿಸಿ ನುಡಿಸುವ, ವೀಣೆಯಂಥ ವಾದ್ಯ. ಅದಕ್ಕೆ ಮೆಟ್ಟಿಲುಗಳಿಲ್ಲ, ಇಪ್ಪತ್ತೊಂದು ತಂತಿಗಳಿವೆ, ಅವುಗಳಲ್ಲಿ ಹಲವು ನಾವು ಮೀಟದೆಯೇ ಅನುರಣಿಸುತ್ತವೆ. ನಾವು ನಿಲ್ಲಿಸಿದ ಸ್ವರವನ್ನು ಒಡಲು ಮರಳಿ ಹೇಳುವ ಆ ಸುಖವನ್ನು ಅನುಭವಿಸಿದವರಿಗೆ ಆರೇ ತಂತಿಗಳ ವಾದ್ಯ ಬರಿದೆನಿಸುತ್ತದೆ.

ಹಿಂದೂಸ್ತಾನಿ ಪದ್ಧತಿಗೆ ಹವಾಯಿ ಗಿಟಾರನ್ನು ಒಗ್ಗಿಸಿದ ದಾರಿ ಕೋಲ್ಕತ್ತಾದ ಮೂಲಕವೂ ಬಂದಿದೆ. ಹವಾಯಿ ಸಂಗೀತದ ಟೌ ಮೋ 1940ರ ದಶಕದಲ್ಲಿ ಅಲ್ಲಿ ನೆಲೆಸಿದ್ದರು. ಮುಂದೆ ಬ್ರಿಜ್‌ಭೂಷಣ್ ಕಾಬ್ರಾ ಅವರು ರಾಗಸಂಗೀತವನ್ನು ಈ ವಾದ್ಯದಲ್ಲಿ ನುಡಿಸಿ ತೋರಿಸಿದರು. ವಿಶ್ವಮೋಹನ ಭಟ್ ಅವರು ಮೀಟದೆಯೇ ಅನುರಣಿಸುವ ತರಬ್ ತಂತಿಗಳನ್ನು ಸೇರಿಸಿ ಮೋಹನವೀಣೆಯನ್ನೂ, ದೇಬಾಶಿಶ್ ಭಟ್ಟಾಚಾರ್ಯ ಅವರು ಚತುರಂಗಿಯನ್ನೂ ರೂಪಿಸಿದರು. ತರಬ್ ಕೂರಿಸುವುದನ್ನು ಬಲ್ಲ ಕುಶಲಕರ್ಮಿಗಳು ಕೋಲ್ಕತ್ತಾದಲ್ಲಿದ್ದಾರೆ. ಒಂದು ಸಲ ಅಲ್ಲಿಗೆ ಹೋಗಿ ಬನ್ನಿ ಎಂಬುದು ನನ್ನ ಸಲಹೆ.

ಮರಗೆಲಸ_ಶಿರಸಿ:

ತರಬಿನ ಸೊಗಸನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹನ್ನೆರಡು ತೆಳು ತಂತಿಗಳೆಂದರೂ ಒಟ್ಟಿಗೆ ಹೆಚ್ಚುಕಡಿಮೆ ಇನ್ನೊಂದು ಗಿಟಾರಿನಷ್ಟೇ ಎಳೆಯುತ್ತವೆ, ಮತ್ತು ಅವುಗಳ ಬಿರಡೆಗಳಿಗೆ ಗಟ್ಟಿ ದಂಡಿ ಬೇಕು. ಟೊಳ್ಳು ದಂಡಿಯ ವಾದ್ಯಕ್ಕೆ ಆಮೇಲೆ ತರಬ್ ಸೇರಿಸುತ್ತೇನೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ತರಬ್ ಬೇಕೋ ಬೇಡವೋ ಎಂಬುದನ್ನು ಮರಕ್ಕೆ ಗರಗಸ ಹಾಕುವ ಮೊದಲೇ ನಿರ್ಧರಿಸಬೇಕು. ಒಡೆದ ಕುದುರೆಯ ನೋವನ್ನು ಒಮ್ಮೆ ಉಂಡವರಿಗೆ ಎರಡನೆಯ ಸಲ ಅದು ಬರಬಾರದು.

ತಂತಿ_ಹುಬ್ಬಳ್ಳಿ:

ಮೂವರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಹಳೆಯ ವಾದ್ಯವನ್ನು ಹೊರತೆಗೆದು ಅಳೆದೆ. ನಟ್‌ನ ಬಳಿ ತಂತಿಗಳ ಅಂತರ ಏಳು ಮಿಲಿಮೀಟರ್, ಮೂಳೆಯ ಪಟ್ಟಿ ಓರೆಯಾಗಿದೆ, ಒಳಗೆ ಕೈಯಾಡಿಸಿದರೆ ಕುದುರೆಯ ಕೆಳಗೆ ತೆಳುವಾದ ಪಟ್ಟಿಯೊಂದನ್ನು ಬಿಟ್ಟು ಬೇರೇನೂ ಇಲ್ಲ. ಆ ಎಂಟು ತಿಂಗಳೂ ಇದನ್ನು ನನ್ನ ಕೈಯ ದೋಷವೆಂದುಕೊಂಡು ಅಭ್ಯಾಸ ಮಾಡಿದ್ದೆ.

ನನ್ನ ಗುರುಗಳಲ್ಲಿ ಕೇಳಿದೆ. ಮೀಂಡ್ ಶುದ್ಧವಾಗುವವರೆಗೆ ತರಬ್ ಬೇಡ, ಅದು ತಪ್ಪು ಸ್ವರಕ್ಕೂ ಹೊದಿಕೆ ಹಾಕುತ್ತದೆ ಎಂದರು. ಆದ್ದರಿಂದ ಆರು ತಂತಿ, 25 ಇಂಚು, ಟೊಳ್ಳು ದಂಡಿ ಎಂದು ನಿರ್ಧರಿಸಿದ್ದೇನೆ. ಶಿರಸಿಯವರೇ, ನಿಮ್ಮ ಐದನೆಯ ವಾದ್ಯವನ್ನು ಒಮ್ಮೆ ನುಡಿಸಿ ನೋಡಲು ಅವಕಾಶ ಕೊಡುವಿರಾ? ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದು.

ಮರಗೆಲಸ_ಶಿರಸಿ:

ಖಂಡಿತ ಬನ್ನಿ, ಆದರೆ ದೀಪಾವಳಿ ಕಳೆಯಲಿ. ಮಳೆಗಾಲದಲ್ಲಿ ನಾನು ಹಲಗೆಗಳಿಗೆ ಅಂಟು ಹಾಕುವುದಿಲ್ಲ. ಇಲ್ಲಿನ ತೇವದಲ್ಲಿ ಜೋಡಿಸಿದ ಒಡಲು ನಿಮ್ಮೂರಿನ ಮಾರ್ಚ್ ತಿಂಗಳಲ್ಲಿ ಸೀಳುತ್ತದೆ. ಬರುವಾಗ ನೀವು ದಿನವೂ ನುಡಿಸುವ ಬಾರನ್ನು ಮರೆಯದೆ ತನ್ನಿ. ಅದನ್ನು ತೂಗಿದ ಮೇಲೆಯೇ ತಂತಿಯ ದಪ್ಪ, ತಂತಿಯ ದಪ್ಪದ ಮೇಲೆಯೇ ಒಳಗಿನ ಪಟ್ಟಿಗಳ ಲೆಕ್ಕ.