ಪುಸ್ತಕಕ್ಕೆ ಚಾರ್ಜ್ ಹಾಕಿದೆಯಾ?

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ನಾವು ನಾಲ್ವರು ಸಂಜೆ ಕಾಫಿಗೆ ಸೇರಿದರೆ ಎರಡೇ ವಿಷಯ: ಮಳೆ ಎಷ್ಟು ಇಂಚು ಬಿತ್ತು, ರೊಬಸ್ಟಾ ಕಾಫಿಯ ಬೆಲೆ ಎಲ್ಲಿಗೆ ಬಂತು. ಮೊನ್ನೆ ಮಂಜಣ್ಣ ಎರಡನ್ನೂ ಬಿಟ್ಟು, “ಇನ್ನು ಶಾಲೆಗೆ ಪುಸ್ತಕವೇ ಬೇಡ, ಎಲ್ಲ ಮಕ್ಕಳಿಗೂ ಟ್ಯಾಬ್ ಕೊಟ್ಟುಬಿಡಬೇಕು” ಎಂದ. ಮೊಮ್ಮಗಳ ಬ್ಯಾಗ್ ಎತ್ತಿ ಸೊಂಟ ಹಿಡಿದುಕೊಂಡಿತ್ತಂತೆ. ಐವತ್ತು ಕೆ.ಜಿ.ಯ ಕಾಫಿ ಮೂಟೆಗೆ ಬಗ್ಗದ ಸೊಂಟ ಅದು!

“ಒಂದು, ಎರಡನೇ ತರಗತಿಯ ಬ್ಯಾಗ್ ಎರಡು ಕೆ.ಜಿ. ದಾಟಬಾರದು ಎಂದು 2019ರಲ್ಲೇ ಸರ್ಕಾರ ಆದೇಶ ಮಾಡಿದೆ” ಎಂದರು ಶಾರದಾ ಟೀಚರ್.

“ಆ ಆದೇಶದ ಕಡತವನ್ನೂ ನನ್ನ ಮೊಮ್ಮಗಳ ಬ್ಯಾಗಿಗೇ ತುಂಬಿರಬೇಕು.”

ಮೊಬೈಲ್ ರಿಪೇರಿ ಅಂಗಡಿಯ ಇಮ್ತಿಯಾಜ್ ಮುಖ ಅರಳಿತು. “ಬರಲಿ ಮಂಜಣ್ಣ, ಟ್ಯಾಬ್ ಬರಲಿ. ಮಗುವಿನ ಕೈಯಿಂದ ಪುಸ್ತಕ ಬಿದ್ದರೆ ನನಗೇನು ಲಾಭ? ಟ್ಯಾಬ್ ಬಿದ್ದರೆ ಡಿಸ್‌ಪ್ಲೇ ಹೋಗುತ್ತದೆ. ಎರಡು ವರ್ಷದಲ್ಲಿ ಮಗಳ ಮದುವೆ ಮುಗಿಸುತ್ತೇನೆ.” ಶಿಕ್ಷಣ ಸುಧಾರಣೆಯ ಬಗ್ಗೆ ಇಷ್ಟು ಪ್ರಾಮಾಣಿಕವಾಗಿ ಮಾತನಾಡಿದವರನ್ನು ನಾನು ಕಂಡಿಲ್ಲ.

ಟೀಚರ್ ಬಿಡಲಿಲ್ಲ. “ಆಷಾಢದ ಗಾಳಿಗೆ ಮೂಡಿಗೆರೆ, ಕಳಸದ ಕಡೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆ ಎಂದು ದೇವರನ್ನೇ ಕೇಳಬೇಕು. ಪುಸ್ತಕಕ್ಕೆ ಚಾರ್ಜ್ ಹಾಕಿದೆಯಾ ಎಂದು ಯಾರಾದರೂ ಕೇಳಿದ್ದುಂಟೇ? ಕೊರೊನಾ ಕಾಲದಲ್ಲಿ ನೆಟ್‌ವರ್ಕ್ ಹುಡುಕಿಕೊಂಡು ಮಕ್ಕಳು ಗುಡ್ಡ ಹತ್ತಿದ್ದನ್ನು ಮರೆತಿರಾ?”

“ವ್ಯಾಯಾಮವಾಯಿತಲ್ಲ!” ಎಂದ ಮಂಜಣ್ಣ.

ಆಗ ನಾನೂ ಬಾಯಿ ಹಾಕಿದೆ. ಲಾಸ್ ಏಂಜಲೀಸ್‌ನಲ್ಲಿ 2013ರಲ್ಲಿ ಶಾಲಾ ಮಕ್ಕಳಿಗೆ ಐಪ್ಯಾಡ್ ಹಂಚಿದರು. ಬೇಡದ ಜಾಲತಾಣಗಳು ತೆರೆಯದಂತೆ ಬೀಗವನ್ನೂ ಹಾಕಿದ್ದರು. ಮಕ್ಕಳು ಕೆಲವೇ ದಿನಗಳಲ್ಲಿ ಬೀಗ ತೆಗೆದು ಒಳಗೆ ನುಗ್ಗಿದರು.

“ಅಂದರೆ ಏನೋ ಕಲಿತರು ತಾನೇ?” ಇಮ್ತಿಯಾಜ್ ಕೇಳಿದ. ಉತ್ತರ ಹೊಳೆಯದೆ ನಾನು ಸ್ವೀಡನ್ನಿಗೆ ಹಾರಿದೆ. ತರಗತಿಗೆ ಸ್ಕ್ರೀನ್‌ಗಳನ್ನು ತುಂಬಿಸಿದ್ದ ಆ ದೇಶ 2023ರಲ್ಲಿ ಮತ್ತೆ ಮುದ್ರಿತ ಪುಸ್ತಕ ಕೊಳ್ಳಲು 68.5 ಕೋಟಿ ಕ್ರೋನಾ ತೆಗೆದಿಟ್ಟಿತು. ದಕ್ಷಿಣ ಕೊರಿಯಾ 2025ರ ಮಾರ್ಚ್‌ನಲ್ಲಿ ಕೃತಕ ಬುದ್ಧಿಮತ್ತೆಯ ಡಿಜಿಟಲ್ ಪಠ್ಯಪುಸ್ತಕ ತಂದಿತು. ಆಗಸ್ಟ್‌ನಲ್ಲಿ ಅಲ್ಲಿನ ಸಂಸತ್ತು ಅದಕ್ಕಿದ್ದ ಪಠ್ಯಪುಸ್ತಕದ ಸ್ಥಾನವನ್ನೇ ಕಿತ್ತುಕೊಂಡಿತು.

“ಒಂದು ಪುಸ್ತಕಕ್ಕೆ ರಟ್ಟು ಹಾಕಿ ಹೆಸರು ಬರೆಯುವಷ್ಟರಲ್ಲಿ ಅಲ್ಲಿ ಪುಸ್ತಕವೇ ಬಂದು ಹೋಯಿತೇ!” ಎಂದ ಮಂಜಣ್ಣ.

ನನ್ನ ವಾದ ಇಷ್ಟೇ: ಪುಸ್ತಕದ ದೊಡ್ಡ ಗುಣ ಅದರ ದಡ್ಡತನ. ಅದಕ್ಕೆ ಬೇರೆ ಯಾವ ಕೆಲಸವೂ ಬಾರದು. ಬೇಸರವಾಗಿ ಪುಟ ತಿರುವಿದರೂ ಒಳಗಿಂದ ಇನ್ನೊಂದು ಪಾಠವೇ ಬರುತ್ತದೆ. ನಾವು ಸಮಾಜ ವಿಜ್ಞಾನದ ನಡುವೆ ಪತ್ತೇದಾರಿ ಕಾದಂಬರಿ ಇಟ್ಟುಕೊಂಡು ಓದಬೇಕಾದರೆ ಎಷ್ಟು ಕಷ್ಟವಿತ್ತು! ಕಾದಂಬರಿ ಸಂಪಾದಿಸಬೇಕು, ಅಳತೆ ಹೊಂದಬೇಕು, ಅಪ್ಪನ ಹೆಜ್ಜೆ ಸದ್ದಿಗೆ ಕಿವಿ ಕೊಡಬೇಕು. ಟ್ಯಾಬ್‌ನಲ್ಲಿ ಪಾಠವೂ ಆಟವೂ ಒಂದೇ ಗಾಜಿನ ಹಿಂದೆ ಕುಳಿತಿರುತ್ತವೆ.

“ಅದು ಸರಿ, ಆದರೆ ಹೃದಯ ಹೇಗೆ ಬಡಿಯುತ್ತದೆ ಎಂದು ಪುಸ್ತಕ ತೋರಿಸುವುದಿಲ್ಲ” ಎಂದು ಟೀಚರೇ ಪಕ್ಷ ಬದಲಿಸಿದರು. “ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಅನ್ನು ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ ವಿಡಿಯೊ ತೋರಿಸುತ್ತೇನೆ. ತರಗತಿಗೆ ಒಂದು ಟ್ಯಾಬ್ ಸಾಕು. ಅದು ನನ್ನ ಕೈಯಲ್ಲಿರಲಿ.”

“ಕೊನೆಗೆ ಟ್ಯಾಬ್ ನಿಮಗೇ!” ಎಂದ ಮಂಜಣ್ಣ. “ಇರಲಿ. ಜೋರು ಮಳೆ ಬಂದರೆ ಜಿಲ್ಲಾಧಿಕಾರಿ ರಜೆ ಕೊಡುತ್ತಾರಲ್ಲ, ಎಲ್ಲರಿಗೂ ಟ್ಯಾಬ್ ಬಂದರೆ ಮನೆಯಿಂದಲೇ ಪಾಠ ಮಾಡಿ ಎನ್ನುತ್ತಾರೆ. ಆಗ?”

ಟೀಚರ್ ಲೋಟ ಕೆಳಗಿಟ್ಟರು. ಆ ಕಡೆಯಿಂದ ಅವರು ಯೋಚಿಸಿರಲಿಲ್ಲ.

ಇಮ್ತಿಯಾಜ್ ಧೈರ್ಯ ತುಂಬಿದ. “ಹೆದರಬೇಡಿ ಟೀಚರ್. ಜೂನ್‌ನಲ್ಲೇ ಎಲ್ಲ ಟ್ಯಾಬ್‌ಗಳನ್ನೂ ನನ್ನ ಅಂಗಡಿಗೆ ರಿಪೇರಿಗೆ ಕಳುಹಿಸಿಬಿಡಿ. ಆಯುಧಪೂಜೆಗೆ ವಾಪಸ್ ಕೊಡುತ್ತೇನೆ.”