ಟ್ರಯಲ್‌ಗೆ ಸೇರಿದರೆ ಖಾಲಿ ಮಾತ್ರೆ ಬರಬಹುದು, ಹೊರಗೆ ಕೇಳಿದರೆ ಅದೇ ಔಷಧಿ ಸಿಗುತ್ತದೆ. ನಾನು ಏನು ಮಾಡಲಿ?

ಮಳೆಬಿಲ್ಲು:

ಐವಿಎಫ್ ಮಾಡಿಸಿಕೊಳ್ಳುತ್ತಿದ್ದೇನೆ, ಲ್ಯಾಬಿನಲ್ಲಿ ಎಂಬ್ರಿಯೊ (ಭ್ರೂಣ) ಬೆಳೆಸಿ ಗರ್ಭಕೋಶಕ್ಕೆ ಹಾಕುವ ಚಿಕಿತ್ಸೆ. ಹಿಂದೆ ಎಂಬ್ರಿಯೊ ಹಾಕಿಸಿಕೊಂಡಾಗ ನಿಲ್ಲಲಿಲ್ಲ. ಈಗ ಫ್ರೀಜ್ ಮಾಡಿಟ್ಟಿದ್ದು ಇದೆ, ಮುಂದಿನ ತಿಂಗಳು ಟ್ರಾನ್ಸ್‌ಫರ್. ಈ ನಡುವೆ ನಮ್ಮ ಡಾಕ್ಟರು ಒಂದು ಟ್ರಯಲ್ ಬಗ್ಗೆ ಹೇಳಿದರು. ಟ್ರಾನ್ಸ್‌ಫರ್‌ಗೆ ಮುಂಚಿನಿಂದಲೇ ಒಂದು ಮಾತ್ರೆ ಶುರು ಮಾಡುತ್ತಾರಂತೆ. ಗರ್ಭಕೋಶದ ಒಳಪದರಕ್ಕೆ ಎಂಬ್ರಿಯೊ ಅಂಟಿಕೊಳ್ಳಲು ಅದರಿಂದ ಸಹಾಯ ಆಗಬಹುದು ಅಂತ. ಅರ್ಧ ಜನಕ್ಕೆ ನಿಜವಾದ ಮಾತ್ರೆ. ಇನ್ನರ್ಧ ಜನಕ್ಕೆ ನೋಡಲು ಅದೇ ಥರ ಇರುವ, ಒಳಗೆ ಔಷಧಿಯೇ ಇಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ಕಂಪ್ಯೂಟರ್ ಚೀಟಿ ಎತ್ತುತ್ತದೆ. ನನಗೂ ಗೊತ್ತಾಗುವುದಿಲ್ಲ, ಡಾಕ್ಟರಿಗೂ ಗೊತ್ತಾಗುವುದಿಲ್ಲ.

ನನ್ನ ತಲೆಬಿಸಿ ಏನೆಂದರೆ, ಇದೇ ಔಷಧಿಯನ್ನು ಬೇರೆ ಕಡೆ ಯಾವ ಟ್ರಯಲ್ಲೂ ಇಲ್ಲದೆ ಸೀದಾ ಬರೆದುಕೊಡುತ್ತಾರೆ. ನನ್ನ ಗೆಳತಿ ತಗೊಂಡಳು, ಅವಳಿಗೆ ಮಗು ಆಯಿತು. ಹಾಗಿರುವಾಗ ನಾನು ಸುಮ್ನೆ ಚೀಟಿಗೆ ತಲೆ ಕೊಟ್ಟು ಖಾಲಿ ಮಾತ್ರೆ ಯಾಕೆ ನುಂಗಬೇಕು? ನನ್ನ ವಯಸ್ಸೂ ನಿಂತಿಲ್ಲ, ಉಳಿದಿರುವ ಎಂಬ್ರಿಯೊಗಳೂ ಜಾಸ್ತಿ ಇಲ್ಲ. ಅತ್ತೆ ಅಂತೂ "ನಿನ್ನ ಮೇಲೆ ಪ್ರಯೋಗ ಮಾಡೋಕೆ ನೀನೇನು ಪ್ರಾಣೀನಾ" ಅನ್ನುತ್ತಾರೆ. ಯಜಮಾನರು "ನಿನ್ನಿಷ್ಟ" ಅಂದು ಕೈತೊಳೆದುಕೊಂಡರು. ಗೊತ್ತಿರುವವರು ಯಾರಾದರೂ ಹೇಳಿ.

ನೀಲಿ ಫೈಲು:

ನಾನು ರಿಸರ್ಚ್ ನರ್ಸ್. ಹೆರಿಗೆ ಮತ್ತು ಬಂಜೆತನದ ವಿಭಾಗದ ಟ್ರಯಲ್‌ಗಳಲ್ಲಿ ಕನ್ಸೆಂಟ್ ಫಾರಂ ಮುಂದಿಟ್ಟು ಕೂರುವ ಕೆಲಸ ನನ್ನದು. ಹಾಗಾಗಿ ನನ್ನ ಮಾತು ಟ್ರಯಲ್ ಕಡೆಗೆ ಸ್ವಲ್ಪ ವಾಲಿರುತ್ತದೆ, ಅದನ್ನು ಕಳೆದು ಓದಿಕೊಳ್ಳಿ. ಸೇರಿ ಅಂತಲೂ ಹೇಳುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ.

ಆದರೆ ನಿಮ್ಮ ಪ್ರಶ್ನೆಯೊಳಗೆ ಒಂದು ನಂಬಿಕೆ ಆಗಲೇ ಕೂತುಬಿಟ್ಟಿದೆ. ಮಾತ್ರೆ ಬಂದವರಿಗೆ ಲಾಭ, ಖಾಲಿ ಮಾತ್ರೆ ಬಂದವರಿಗೆ ನಷ್ಟ ಅಂತ. ಅದು ಗೊತ್ತಿದ್ದರೆ ಟ್ರಯಲ್ ಮಾಡುವ ಅಗತ್ಯವೇ ಇರುತ್ತಿರಲಿಲ್ಲ. ಎಥಿಕ್ಸ್ ಕಮಿಟಿಯವರು ಒಪ್ಪುತ್ತಲೂ ಇರಲಿಲ್ಲ. ಬೇರೆ ಕಡೆ ಬರೆದುಕೊಡುತ್ತಾರೆ ಅಂದರೆ ಅವರಿಗೆ ಉತ್ತರ ಗೊತ್ತಿದೆ ಅಂತ ಅಲ್ಲ. ಉತ್ತರಕ್ಕೆ ಕಾಯದೆ ಕೊಡುತ್ತಿದ್ದಾರೆ, ಅಷ್ಟೇ.

ಎಂಡೊಮೆಟ್ರಿಯಲ್ ಸ್ಕ್ರಾಚ್ ಅಂತ ಕೇಳಿರಬಹುದು. ಐವಿಎಫ್‌ಗೆ ಮುಂಚೆ ಗರ್ಭಕೋಶದ ಒಳಪದರವನ್ನು ತೆಳು ನಳಿಗೆಯಿಂದ ಸ್ವಲ್ಪ ಕೆರೆಯುವುದು. ಆ ಗಾಯ ಮಾಯುವಾಗ ಒಳಪದರ ಎಂಬ್ರಿಯೊಗೆ ಹದವಾಗುತ್ತದೆ ಅನ್ನುವುದು ಅದರ ಹಿಂದಿನ ತರ್ಕ. 2003ರಲ್ಲಿ ಒಂದು ಚಿಕ್ಕ ಅಧ್ಯಯನ ಬಂತು. ಕೆರೆಸಿಕೊಂಡವರಲ್ಲಿ ಗರ್ಭ ನಿಂತಿದ್ದು ಹೆಚ್ಚು ಕಮ್ಮಿ ಎರಡರಷ್ಟು ಅಂತ ಬರೆದರು. ಅಷ್ಟೇ ಸಾಕಾಯಿತು. ಎಷ್ಟೋ ದೇಶಗಳಲ್ಲಿ ಕೆರೆಯಲು ಶುರು ಮಾಡಿದರು. ಹೆಂಗಸರು ನೋವು ತಿಂದರು, ದುಡ್ಡು ಕೊಟ್ಟರು. ಮಗು ಆದವರು "ಸ್ಕ್ರಾಚ್‌ನಿಂದ ಆಯ್ತು" ಅಂದರು. ಆಗದವರು ಸುಮ್ಮನಿದ್ದರು. ಕೊನೆಗೆ ಐದು ದೇಶಗಳಲ್ಲಿ 1364 ಹೆಂಗಸರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ ನೋಡಿದರು. ಫಲಿತಾಂಶ 2019ರಲ್ಲಿ ಬಂತು. ಕೆರೆಸಿಕೊಂಡವರಲ್ಲಿ ಮಗು ಹುಟ್ಟಿದ್ದು 26.1 ಶೇಕಡಾ. ಕೆರೆಸಿಕೊಳ್ಳದವರಲ್ಲೂ 26.1 ಶೇಕಡಾ. ದಶಾಂಶವೂ ಬದಲಾಗಲಿಲ್ಲ ನೋಡಿ!

ನಿಮ್ಮ ಗೆಳತಿಯ ವಿಷಯಕ್ಕೂ ಇದೇ ಉತ್ತರ. ಆಕೆಗೆ ಮಗು ಆಗಿದ್ದು ಖುಷಿ. ಆದರೆ ಮಾತ್ರೆಯಿಂದಲೇ ಆಯಿತೇ ಅಂತ ಆಕೆಯೂ ಹೇಳಲಾರಳು. ಬ್ರಿಟನ್ನಿನ ಪ್ರಿಸಂ ಟ್ರಯಲ್ ನೋಡಿ. ಅದೂ 2019ರದೇ. ಗರ್ಭದ ಮೊದಲ ವಾರಗಳಲ್ಲಿ ರಕ್ತ ಕಂಡ 4153 ಹೆಂಗಸರಲ್ಲಿ ಅರ್ಧ ಜನಕ್ಕೆ ಪ್ರೊಜೆಸ್ಟರಾನ್ ಅನ್ನುವ ಗರ್ಭ ಉಳಿಸುವ ಹಾರ್ಮೋನು, ಅರ್ಧ ಜನಕ್ಕೆ ಪ್ಲಸೀಬೊ, ಅಂದರೆ ಒಳಗೆ ಔಷಧಿ ಇಲ್ಲದ್ದು. ಪ್ಲಸೀಬೊ ಗುಂಪಿನಲ್ಲೇ ನೂರಕ್ಕೆ 72 ಜನಕ್ಕೆ ಮಗು ಆಯಿತು. ಪ್ರೊಜೆಸ್ಟರಾನ್ ಗುಂಪಿನಲ್ಲಿ 75. ಆ ಮೂರರ ವ್ಯತ್ಯಾಸ ಔಷಧಿಯಿಂದಲೇ ಬಂತು ಅಂತ ಗಟ್ಟಿಯಾಗಿ ಹೇಳಲು ಆಗಲಿಲ್ಲ. ಎಲ್ಲರಿಗೂ ಸುಮ್ನೆ ಔಷಧಿ ಕೊಟ್ಟಿದ್ದರೆ ಆ 75 ಜನರೂ "ಇದರಿಂದಲೇ ಉಳಿಯಿತು" ಅನ್ನುತ್ತಿದ್ದರು, ಅಲ್ವಾ? ಅದೇ ಟ್ರಯಲ್‌ನಲ್ಲಿ ಇನ್ನೊಂದು ಸಂಗತಿಯೂ ಕಂಡಿತು. ಈ ಮೊದಲು ಮೂರು ಅಥವಾ ಹೆಚ್ಚು ಸಲ ಗರ್ಭ ಹೋದವರಲ್ಲಿ ಪ್ರೊಜೆಸ್ಟರಾನ್ ತಗೊಂಡಾಗ 72, ಪ್ಲಸೀಬೊ ತಗೊಂಡಾಗ 57. ಹಿಂದೆ ಗರ್ಭಪಾತ ಆಗಿದ್ದು ಈಗ ರಕ್ತ ಕಂಡವರಿಗೆ ಪ್ರೊಜೆಸ್ಟರಾನ್ ಕೊಡಿ ಅಂತ 2021ರಲ್ಲಿ ಅಲ್ಲಿನ ಮಾರ್ಗಸೂಚಿಯೇ ಬದಲಾಯಿತು. ಯಾರಿಗೆ ಕೊಡಬೇಕು, ಯಾರಿಗೆ ಬೇಡ ಅನ್ನುವುದು ಆ ಪ್ಲಸೀಬೊ ತಗೊಂಡವರಿಲ್ಲದೆ ಗೊತ್ತಾಗುತ್ತಿರಲಿಲ್ಲ.

ಅತ್ತೆಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಹೆಂಗಸರ ಮೇಲೆ ಹೇಳದೆ ಕೇಳದೆ ಪ್ರಯೋಗ ನಡೆದ ಚರಿತ್ರೆ ಇದೆ, ಆ ಭಯ ಗಾಳಿಯಿಂದ ಬಂದಿದ್ದಲ್ಲ. ಆದರೆ ಒಂದು ಸಂಗತಿ ಅವರಿಗೆ ಹೇಳಿ. ಡಿಇಎಸ್ ಅಂತ ಒಂದು ಹಾರ್ಮೋನು ಮಾತ್ರೆ ಇತ್ತು. 1940ರ ದಶಕದಿಂದ ಗರ್ಭ ಉಳಿಯಲಿ ಅಂತ ಲಕ್ಷಾಂತರ ಬಸುರಿಯರಿಗೆ ಕೊಟ್ಟರು. 1953ರಲ್ಲಿ ಶಿಕಾಗೊದ ಟ್ರಯಲ್ ಇದರಿಂದ ಏನೂ ಪ್ರಯೋಜನ ಇಲ್ಲ ಅಂತ ತೋರಿಸಿತು. ಆದರೂ ಬರೆಯುವವರು ಬರೆಯುತ್ತಲೇ ಇದ್ದರು. 1971ರಲ್ಲಿ ಬಾಸ್ಟನ್ನಿನ ಡಾಕ್ಟರುಗಳು ಹರೆಯದ ಹುಡುಗಿಯರಲ್ಲಿ ಯೋನಿಯ ಅಪರೂಪದ ಕ್ಯಾನ್ಸರ್ ನೋಡಿ ಬೆನ್ನುಹತ್ತಿದರು. ಅವರಲ್ಲಿ ಹೆಚ್ಚಿನವರ ತಾಯಂದಿರು ಬಸುರಿಯಾಗಿದ್ದಾಗ ಆ ಮಾತ್ರೆ ನುಂಗಿದ್ದರು. ಟ್ರಯಲ್ ಹೊರಗೆ, ಡಾಕ್ಟರು ಬರೆದುಕೊಟ್ಟರು ಅಂತ, ನಂಬಿಕೊಂಡು ನುಂಗಿದವರೇ ಜಾಸ್ತಿ. ಅತ್ತೆಯವರು ಹೇಳುವ ಪ್ರಯೋಗ ಅಂದರೆ ಅದೇ. ಲೆಕ್ಕ ಇಡುವವರೂ ಇರಲಿಲ್ಲ.

ಇನ್ನು ನೀವು ಕೇಳಬೇಕಾದ್ದು. ಟ್ರಾನ್ಸ್‌ಫರ್‌ಗೆ ಮಾಮೂಲಾಗಿ ಕೊಡುವ ಹಾರ್ಮೋನು, ಸ್ಕ್ಯಾನು, ಎಲ್ಲವೂ ಎರಡೂ ಗುಂಪಿಗೆ ಸಿಗುತ್ತವೆಯೇ? ಸಿಗಲೇಬೇಕು, ಖಾಲಿ ಇರುವುದು ಆ ಒಂದು ಮಾತ್ರೆ ಮಾತ್ರ. ಟ್ರಯಲ್ ರಿಜಿಸ್ಟರ್ ಆಗಿದೆಯೇ, ನಂಬರ್ ಏನು? ನನಗೆ ತೊಂದರೆ ಆದರೆ ಖರ್ಚು ಯಾರದು? ಮಗು ಹುಟ್ಟಿದರೆ ಅದನ್ನು ಎಷ್ಟು ಕಾಲ ನೋಡುತ್ತೀರಿ? ಡಿಇಎಸ್ ಕಥೆ ಆದಮೇಲೆ ಈ ಕೊನೆಯ ಪ್ರಶ್ನೆ ಬಿಡಬೇಡಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಎದ್ದು ಬನ್ನಿ. ಸಹಿ ಹಾಕಿದ ಮೇಲೂ ಬಿಟ್ಟು ಬರಬಹುದು, ಕಾರಣ ಕೊಡಬೇಕಿಲ್ಲ, ನಿಮ್ಮ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ.

ಅರ್ಧ ಕಪ್ ಕಾಫಿ:

ನಾನು ಇಂಥದ್ದೊಂದರಲ್ಲಿ ಇದ್ದೆ, ಬೇರೆ ಔಷಧಿ. ಸಿಸ್ಟರ್ ಹೇಳದೇ ಬಿಟ್ಟಿದ್ದನ್ನು ಹೇಳುತ್ತೇನೆ. ಗೊತ್ತಿಲ್ಲದೆ ಇರುವುದು ಕಷ್ಟ. ಮಾತ್ರೆ ಬಾಯಿಗೆ ಹಾಕುವಾಗಲೆಲ್ಲ ಇದು ಯಾವುದಿರಬಹುದು ಅಂತ ಯೋಚನೆ. ತಲೆನೋವು ಬಂದರೆ "ಓ, ನನಗೆ ನಿಜವಾದ್ದೇ ಬಂದಿದೆ" ಅಂತ ಸಂತೋಷ ಪಡುವಷ್ಟು ಹುಚ್ಚು. ಡೈರಿ ತುಂಬಿಸಬೇಕು, ಫೋನ್ ಬರುತ್ತದೆ, ಎಕ್ಸ್‌ಟ್ರಾ ರಕ್ತ ಕೊಡಬೇಕು. ಇನ್ನೊಂದು ಕಡೆ, ಮಾಮೂಲಿ ಚಿಕಿತ್ಸೆಯಲ್ಲಿ ಯಾರೂ ಕೂತು ಕೇಳದ್ದನ್ನು ಆ ಟ್ರಯಲ್ ನರ್ಸ್ ಕೇಳುತ್ತಿದ್ದರು. ಟ್ರಯಲ್ ಪೂರ್ತಿ ಮುಗಿದ ಮೇಲೆ ಪತ್ರ ಬಂತು. ನನಗೆ ಬಂದಿದ್ದು ಪ್ಲಸೀಬೊ. ಓದಿದಾಗ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಜೊತೆಗೆ ಫಲಿತಾಂಶವನ್ನೂ ಕಳಿಸಿದ್ದರು. ಔಷಧಿಯಿಂದ ವ್ಯತ್ಯಾಸ ಇಲ್ಲ ಅಂತ ಇತ್ತು. ಸಿಟ್ಟು ಯಾರ ಮೇಲೆ ಮಾಡಿಕೊಳ್ಳುವುದು ಅಂತಲೇ ತಿಳಿಯಲಿಲ್ಲ.

ಭಿನ್ನರಾಶಿ:

ನಾನು ಲೆಕ್ಕದವನು, ಇಂಥ ಅಧ್ಯಯನಗಳ ಅಂಕಿಸಂಖ್ಯೆ ನೋಡುತ್ತೇನೆ. ಸಿಸ್ಟರ್ ಅವರ ಪಟ್ಟಿಗೆ ಒಂದು ಪ್ರಶ್ನೆ ಸೇರಿಸುತ್ತೇನೆ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಅದೇ. ಕೊನೆಗೆ ಏನನ್ನು ಎಣಿಸುತ್ತೀರಿ, ಯಾರಿಂದ ಭಾಗಿಸುತ್ತೀರಿ?

ಪ್ರೆಗ್ನೆನ್ಸಿ ಟೆಸ್ಟ್ ಪಾಸಿಟಿವ್ ಬಂದಿದ್ದನ್ನು ಎಣಿಸಿದರೆ ಸಂಖ್ಯೆ ದೊಡ್ಡದು. ಸ್ಕ್ಯಾನಿನಲ್ಲಿ ಎದೆಬಡಿತ ಕಂಡಿದ್ದು ಅದಕ್ಕಿಂತ ಕಮ್ಮಿ. ಜೀವಂತ ಮಗು ಕೈಗೆ ಬಂದಿದ್ದು ಇನ್ನೂ ಕಮ್ಮಿ. ನಿಮಗೆ ಬೇಕಾಗಿರುವುದು ಕೊನೆಯದು.

ಭಾಗಿಸುವುದರಲ್ಲಿ ಇನ್ನೂ ಜಾಸ್ತಿ ಆಟ ಇದೆ. ಎಂಬ್ರಿಯೊಗಳ ವರ್ಣತಂತು ಪರೀಕ್ಷೆ ಮಾಡಿ ಸರಿ ಇರುವುದನ್ನು ಮಾತ್ರ ಹಾಕುವ ಪದ್ಧತಿ ಇದೆ, ಪಿಜಿಟಿ-ಎ ಅಂತ. ಕಾಳು ತೂರಿ, ಜೊಳ್ಳು ಅಂತ ಕಂಡಿದ್ದನ್ನೆಲ್ಲ ಎಸೆದು, ಉಳಿದದ್ದನ್ನು ಬಿತ್ತಿ, "ನಮ್ಮ ಹೊಲದಲ್ಲಿ ಬಿತ್ತಿದ್ದರಲ್ಲಿ ಇಷ್ಟು ಮೊಳೆಯಿತು" ಅಂದಂತೆ. ಎಸೆದದ್ದರಲ್ಲಿ ಗಟ್ಟಿ ಕಾಳು ಎಷ್ಟಿತ್ತು ಅಂತ ಯಾರೂ ಕೇಳುವುದಿಲ್ಲ. ಚೀನಾದಲ್ಲಿ 1212 ಹೆಂಗಸರ ಮೇಲೆ ನಡೆದ ಟ್ರಯಲ್ 2021ರಲ್ಲಿ ಬಂತು. ಎಲ್ಲರೂ 20ರಿಂದ 37 ವಯಸ್ಸಿನವರು, ಕನಿಷ್ಠ ಮೂರು ಒಳ್ಳೆಯ ಬ್ಲಾಸ್ಟೊಸಿಸ್ಟ್ (ಐದಾರು ದಿನ ಬೆಳೆದ ಎಂಬ್ರಿಯೊ) ಇದ್ದವರು. ಒಬ್ಬೊಬ್ಬರಿಗೆ ಮೂರು ಟ್ರಾನ್ಸ್‌ಫರ್‌ವರೆಗೂ ನೋಡಿ, ಚೀಟಿ ಎತ್ತಿದ ಎಲ್ಲರಿಂದ ಭಾಗಿಸಿದರು. ಮಗು ಆಗಿದ್ದು ಪರೀಕ್ಷೆ ಮಾಡಿಸಿದವರಲ್ಲಿ 77.2 ಶೇಕಡಾ, ಮಾಡಿಸದವರಲ್ಲಿ 81.8. ಪರೀಕ್ಷೆ ಮಾಡಿದ ಗುಂಪಿನಲ್ಲಿ ಗರ್ಭಪಾತ ಸ್ವಲ್ಪ ಕಮ್ಮಿ ಇತ್ತು, ಅದನ್ನು ಹೇಳದಿದ್ದರೆ ಅನ್ಯಾಯ. ಆದರೆ ಮಗು ಆದವರ ಸಂಖ್ಯೆ ಹೆಚ್ಚಲಿಲ್ಲ. ವಯಸ್ಸು ಇನ್ನೂ ಜಾಸ್ತಿ ಇರುವವರಿಗೆ ಈ ಲೆಕ್ಕ ಹಾಗೇ ಹೊಂದುತ್ತದೆ ಅಂತ ಅಂದುಕೊಳ್ಳಬೇಡಿ.

ಹಾಗಂತ ಎಲ್ಲ ಟ್ರಯಲ್ಲೂ "ಏನೂ ಇಲ್ಲ" ಅಂತ ಮುಗಿಯುವುದಿಲ್ಲ. ಲೆಟ್ರೊಜೋಲ್ ಮೊದಲು ಸ್ತನ ಕ್ಯಾನ್ಸರಿಗೆ ಬಂದ ಮಾತ್ರೆ. ಪಿಸಿಒಎಸ್ (ಹಾರ್ಮೋನು ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆ ಆಗದ ತೊಂದರೆ) ಇರುವ 750 ಹೆಂಗಸರಲ್ಲಿ ಅಂಡ ಬಿಡುಗಡೆಗೆ ಕೊಡುವ ಹಳೆಯ ಮಾತ್ರೆ ಕ್ಲೋಮಿಫೀನ್ ಜೊತೆ ಹೋಲಿಸಿದಾಗ ಮಗು ಆಗಿದ್ದು 27.5 ಶೇಕಡಾ, ಕ್ಲೋಮಿಫೀನ್‌ನಲ್ಲಿ 19.1. ಇದು 2014ರದು. ಈಗ ಅಂತರರಾಷ್ಟ್ರೀಯ ಮಾರ್ಗಸೂಚಿ ಇಂಥವರಿಗೆ ಮೊದಲು ಹೇಳುವುದು ಲೆಟ್ರೊಜೋಲನ್ನೇ.

ಮಳೆಬಿಲ್ಲು:

ಎಲ್ಲರಿಗೂ ಥ್ಯಾಂಕ್ಸ್. ನಿಮ್ಮ ಪ್ರಶ್ನೆಗಳನ್ನೆಲ್ಲ ಬರೆದುಕೊಂಡು ಹೋಗಿ ಕೇಳಿದೆ. ಅಲ್ಲಿನ ರಿಸರ್ಚ್ ನರ್ಸ್ ಒಂದು ಕ್ಷಣ ಪೆನ್ನು ಕೆಳಗಿಟ್ಟು "ಇದೆಲ್ಲ ಯಾರು ಹೇಳಿಕೊಟ್ಟರು" ಅಂದರು. ಮುಖ ಸಿಂಡರಿಸಲಿಲ್ಲ.

ಎಣಿಸುವುದು ಜೀವಂತ ಹೆರಿಗೆಯನ್ನೇ. ಭಾಗಿಸುವುದು ಚೀಟಿ ಎತ್ತಿದ ಎಲ್ಲರಿಂದ. ಮಧ್ಯ ಬಿಟ್ಟುಹೋದವರನ್ನೂ ಸೇರಿಸುತ್ತಾರೆ. ಮಾಮೂಲಿ ಹಾರ್ಮೋನು ಎರಡೂ ಗುಂಪಿಗೆ ಇದೆ. ಮಗುವನ್ನು ಎರಡು ವರ್ಷ ನೋಡುತ್ತಾರಂತೆ. "ಎರಡೇ ವರ್ಷವಾ?" ಅಂದೆ. ಅದಕ್ಕೆ ಅವರ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಮುಂದೆ ಸಂಪರ್ಕ ಇಟ್ಟುಕೊಳ್ಳಲು ಬೇರೆ ಒಪ್ಪಿಗೆ ಕೇಳುತ್ತೇವೆ ಅಂದರು. ಔಷಧಿ ಹಳೆಯದು, ಬೇರೆ ಕಾಯಿಲೆಗೆ ಬಸುರಿಯರಿಗೆ ಕೊಟ್ಟ ಅನುಭವ ಇದೆ ಅಂತ ಹೇಳಿದರು. ಆದರೂ ಅದೊಂದು ಮನಸ್ಸಿನಲ್ಲಿ ಕುಟುಕುತ್ತಿದೆ.

ಅತ್ತೆಗೆ ಡಿಇಎಸ್ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು "ಹಾಗಾದ್ರೆ ಯಾವ ಮಾತ್ರೇನೂ ಬೇಡ" ಅಂದರು. ಅದೂ ಒಂದು ದಾರಿ ಅಂತ ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

ಬೇರೆ ಕಡೆ ಹೋಗಿ ಸುಮ್ನೆ ಬರೆಸಿಕೊಳ್ಳುವುದನ್ನಂತೂ ಬಿಟ್ಟಿದ್ದೇನೆ. ಟ್ರಯಲ್ಲಾ, ಏನೂ ಇಲ್ಲದೆ ಮಾಮೂಲಿ ಟ್ರಾನ್ಸ್‌ಫರ್ರಾ, ಇಷ್ಟೇ ಈಗ ಉಳಿದಿರುವುದು. ಸಿಸ್ಟರ್, ಒಂದೇ ಒಂದು ಪ್ರಶ್ನೆ. ಸೇರಿದ ಮೇಲೆ ರಾತ್ರಿ ಹೊತ್ತು ಏನಾದರೂ ಆಗಿ ಬೇರೆ ಆಸ್ಪತ್ರೆಗೆ ಓಡಬೇಕಾದರೆ? ಅಲ್ಲಿನವರು "ಏನು ಮಾತ್ರೆ ತಗೋತಿದ್ದೀರಿ" ಅಂದರೆ ನಾನು ಏನು ಹೇಳಲಿ?

ನೀಲಿ ಫೈಲು:

ಒಳ್ಳೆಯ ಪ್ರಶ್ನೆ. ಅತ್ತೆಯವರು ಹೇಳಿದ್ದೂ ಸರಿಯಾದ ಆಯ್ಕೆಯೇ, ಅದನ್ನು ಕನ್ಸೆಂಟ್ ಫಾರಂನಲ್ಲೂ ಬರೆದಿರಬೇಕು.

ಸೇರಿದರೆ ನಿಮಗೆ ಒಂದು ಕಾರ್ಡ್ ಕೊಡುತ್ತಾರೆ. ಟ್ರಯಲ್ ಹೆಸರು, ನಿಮ್ಮ ನಂಬರ್, ದಿನದ ಯಾವ ಹೊತ್ತಿಗೂ ಎತ್ತುವ ಫೋನ್ ನಂಬರ್ ಅದರಲ್ಲಿ ಇರುತ್ತವೆ. ಚಿಕಿತ್ಸೆ ಕೊಡಲು ನೀವು ನುಂಗಿದ್ದು ಏನು ಅಂತ ತಿಳಿಯಲೇಬೇಕಾದರೆ ಆ ಡಾಕ್ಟರು ಫೋನ್ ಮಾಡಿ ಚೀಟಿ ತೆರೆಸಬಹುದು. ಅದಕ್ಕೆ ವ್ಯವಸ್ಥೆ ಮೊದಲೇ ಇರುತ್ತದೆ. ಸಹಿ ಹಾಕುವ ಮುಂಚೆ ಕಾರ್ಡನ್ನು ತೋರಿಸಿ ಅನ್ನಿ. ಆ ನಂಬರಿಗೆ ಅಲ್ಲೇ ಕೂತು ಒಂದು ಸಲ ಫೋನ್ ಮಾಡಿ ನೋಡಿ. ಕಾರ್ಡ್ ಸಿಕ್ಕಿದ ಮೇಲೆ ಅದರ ಫೋಟೋ ತೆಗೆದು ಯಜಮಾನರ ಫೋನಿಗೂ ಹಾಕಿಡಿ. ಕೈತೊಳೆದುಕೊಂಡವರಿಗೆ ಅಷ್ಟಾದರೂ ಕೆಲಸ ಇರಲಿ.